ಓಟದಲ್ಲಿ ಹೋದ ಒಂದು ಗಂಟೆ ಸೈಕಲ್ ಮೇಲೆ ಕಳೆದದ್ದು

ಪ್ರಶ್ನೆ: ಸರ್, ನಾನು ಕಲಬುರಗಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು 41. ಮೂರು ವರ್ಷದಿಂದ ಟ್ರಯಥ್ಲಾನ್ (ಈಜು, ಸೈಕಲ್, ಓಟ ಒಂದರ ಹಿಂದೆ ಒಂದು) ಮಾಡುತ್ತಿದ್ದೇನೆ. ಕಳೆದ ಸೀಸನ್‌ನಲ್ಲಿ ನಾಲ್ಕು ಸ್ಪರ್ಧೆ ಆಯಿತು. ಫೆಬ್ರುವರಿಯಲ್ಲಿ ಸ್ಪ್ರಿಂಟ್ (ಚಿಕ್ಕ ದೂರದ್ದು), ಆಗಸ್ಟ್‌ನಲ್ಲಿ ಅದಕ್ಕಿಂತ ಉದ್ದದ ಒಲಿಂಪಿಕ್ ದೂರ, ಆಮೇಲೆ ಗೋವಾದಲ್ಲಿ ಐರನ್‌ಮ್ಯಾನ್ 70.3 (ಪೂರ್ತಿ ಐರನ್‌ಮ್ಯಾನ್‌ನ ಅರ್ಧ ದೂರ), ಡಿಸೆಂಬರ್‌ನಲ್ಲಿ ಬರೀ ಹಾಫ್ ಮ್ಯಾರಥಾನ್ (2 ಗಂಟೆ 5 ನಿಮಿಷ). ಮೊದಲ ಎರಡು ಚೆನ್ನಾಗಿ ಹೋದವು. ಗೋವಾದಲ್ಲಿ ಮಾತ್ರ ಓಟದ 9ನೇ ಕಿಲೋಮೀಟರ್‌ನಿಂದ ತೊಡೆ ಹಿಡಿದುಕೊಂಡು, ನಡೆದೇ ಮುಗಿಸಿದೆ. ಈಜು 58 ನಿಮಿಷ, ಮೊದಲ ಬದಲಾವಣೆ (ಈಜಿನಿಂದ ಸೈಕಲ್‌ಗೆ) 9, ಸೈಕಲ್ 3 ಗಂಟೆ 18 ನಿಮಿಷ, ಎರಡನೇ ಬದಲಾವಣೆ (ಸೈಕಲ್‌ನಿಂದ ಓಟಕ್ಕೆ) 8, ಓಟ 3 ಗಂಟೆ 2 ನಿಮಿಷ. ಒಟ್ಟು 7 ಗಂಟೆ 35 ನಿಮಿಷ. ವಾಚಿನ ವಿವರ ಜೊತೆಗಿಟ್ಟಿದ್ದೇನೆ. ಮುಂದಿನ ವರ್ಷ 7 ಗಂಟೆಗೆ ಇಳಿಸಬೇಕು. ಸಾಧ್ಯವಾದರೆ ಅದೇ ವರ್ಷ ಪೂರ್ತಿ ಐರನ್‌ಮ್ಯಾನ್ ಕೂಡ. ಓಟದ ತರಬೇತಿ ಜಾಸ್ತಿ ಮಾಡಬೇಕಾ? ಏಪ್ರಿಲ್-ಮೇ ಶಾಲೆಗೆ ರಜೆ, ಆಗ ತರಬೇತಿ ದುಪ್ಪಟ್ಟು ಮಾಡಲಾ? ಸೊಸೈಟಿಯಲ್ಲಿ ಸಾಲ ತೆಗೆದು ಕಾರ್ಬನ್ ಸೈಕಲ್ ಕೊಂಡರೆ ಉಪಯೋಗ ಇದೆಯಾ? ಮನೆಯವರಿಗೆ ಬೇಸರವಾಗಿದೆ. ಈ ಸಲ ಎಳ್ಳಮಾವಾಸ್ಯೆಗೆ ಹೊಲಕ್ಕೂ ಹೋಗಲಿಲ್ಲ, ಸೈಕಲ್ ಹೊಡೆಯಲು ಹೋಗಿದ್ದೆ. (ಪತ್ರ ಇನ್ನೂ ಉದ್ದವಿದೆ, ಇಲ್ಲಿ ಮುಖ್ಯ ಭಾಗ ಮಾತ್ರ.)

ಉತ್ತರ: ಮೊದಲು ಅಭಿನಂದನೆ ಸರ್. ನಮ್ಮೂರಿನಿಂದ ಹತ್ತಿರದ ಸಮುದ್ರವೇ 350 ಕಿಲೋಮೀಟರ್‌ಗಿಂತ ದೂರ. ಊರ ಬಾವಿಯಲ್ಲಿ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತೆ ಅಂತ ಪತ್ರದ ಕೊನೆಗೆ ಬರೆದಿದ್ದೀರಿ. ಆ ಹುಡುಗ 41ನೇ ವಯಸ್ಸಿನಲ್ಲಿ ಅಲೆಗಳ ನಡುವೆ 1.9 ಕಿಲೋಮೀಟರ್ ಈಜಿ, 90 ಕಿಲೋಮೀಟರ್ ಸೈಕಲ್ ತುಳಿದು, 21.1 ಕಿಲೋಮೀಟರ್ ಮುಗಿಸಿದ. 9ನೇ ಕಿಲೋಮೀಟರ್‌ನಲ್ಲಿ ತೊಡೆ ಹಿಡಿದ ಮೇಲೂ ಬಿಟ್ಟು ಬರಲಿಲ್ಲ. 8 ಗಂಟೆ 30 ನಿಮಿಷದ ಗಡುವಿನೊಳಗೆ ಮುಗಿಸಿದಿರಿ. ನಿಮ್ಮ ಪತ್ರದಲ್ಲಿ ಆ ಸಂತೋಷವೇ ಕಾಣಲಿಲ್ಲ, ಅದಕ್ಕೇ ಇದನ್ನು ಮೊದಲು ಹೇಳಿದೆ.

ನೀವು ಲೆಕ್ಕದ ಮಾಸ್ತರು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡೋಣ. ಬರೀ ಓಡಿದರೆ ನಿಮ್ಮ ಹಾಫ್ ಮ್ಯಾರಥಾನ್ 2 ಗಂಟೆ 5 ನಿಮಿಷ. ಗೋವಾದಲ್ಲಿ 3 ಗಂಟೆ 2 ನಿಮಿಷ. ವ್ಯತ್ಯಾಸ 57 ನಿಮಿಷ. ಈಜಿ, ಸೈಕಲ್ ತುಳಿದು, ಕರಾವಳಿಯ ಸೆಕೆಯಲ್ಲಿ ಓಡುವಾಗ ಅರ್ಧ ಗಂಟೆ ಹೆಚ್ಚು ಹಿಡಿದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಅದು ಸಹಜ. ಉಳಿದ 27 ನಿಮಿಷ ಎಲ್ಲಿ ಹೋಯಿತು ಅನ್ನುವುದೇ ನಿಮ್ಮ ಇಡೀ ಸೀಸನ್‌ನ ಪ್ರಶ್ನೆ. ಓಟದ ತರಬೇತಿ ಜಾಸ್ತಿ ಮಾಡಿದರೆ ಅದು ವಾಪಸ್ ಬರುವುದಿಲ್ಲ. ಯಾಕೆಂದರೆ ಅದು ಓಟದಲ್ಲಿ ಕಳೆದದ್ದಲ್ಲ.

ನಿಮ್ಮ ವಾಚಿನ ವಿವರ ನೋಡಿ. ಸೈಕಲ್‌ನ ಮೊದಲ 30 ಕಿಲೋಮೀಟರ್ 60 ನಿಮಿಷ, ಎರಡನೇ 30 ಕಿಲೋಮೀಟರ್ 63, ಕೊನೆಯ 30 ಕಿಲೋಮೀಟರ್ 75. ಅಂದರೆ ಗಂಟೆಗೆ 30ರ ವೇಗದಲ್ಲಿ ಹೊರಟವರು 24ಕ್ಕೆ ಇಳಿದಿದ್ದೀರಿ. ಮೊದಲ ಭಾಗದಲ್ಲಿ ಸರಾಸರಿ ಎದೆಬಡಿತ 158. ಡಿಸೆಂಬರ್‌ನ ಹಾಫ್ ಮ್ಯಾರಥಾನ್‌ನಲ್ಲಿ ಪೂರ್ತಿ ಜೋರಾಗಿ ಓಡಿದಾಗ ನಿಮ್ಮ ಸರಾಸರಿ 162. ಈ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ ಸರ್. ಇನ್ನೂ 60 ಕಿಲೋಮೀಟರ್ ಸೈಕಲ್, ಆಮೇಲೆ 21 ಕಿಲೋಮೀಟರ್ ಓಟ ಬಾಕಿ ಇರುವಾಗ ನೀವು ಹೆಚ್ಚುಕಡಿಮೆ ಒಂದು ಹಾಫ್ ಮ್ಯಾರಥಾನ್‌ನ ಜೋರಿನಲ್ಲಿ ಒಂದು ಗಂಟೆ ತುಳಿದಿದ್ದೀರಿ.

ಇದು ಎಲ್ಲರಿಗೂ ಆಗುವ ತಪ್ಪು. ನೀರಿನಿಂದ ಎದ್ದು ಬಂದಿರುತ್ತೇವೆ, ಮುಳುಗಲಿಲ್ಲ ಅನ್ನುವ ಖುಷಿ ಇರುತ್ತದೆ, ರಸ್ತೆ ಖಾಲಿ ಇರುತ್ತದೆ, ಪಕ್ಕದಲ್ಲಿ ಒಬ್ಬ ಸರ್ರನೆ ಹಾದು ಹೋಗುತ್ತಾನೆ. ಕಾಲು ತಾನಾಗಿಯೇ ಒತ್ತುತ್ತದೆ. ನನ್ನ ಮೊದಲ 70.3ರಲ್ಲಿ ನಾನೂ ಹೀಗೇ ಮಾಡಿ, ಓಟದ 14ನೇ ಕಿಲೋಮೀಟರ್‌ನಲ್ಲಿ ರಸ್ತೆ ಪಕ್ಕದ ಕಟ್ಟೆ ಮೇಲೆ ಹತ್ತು ನಿಮಿಷ ಕೂತಿದ್ದೆ. ಎದ್ದು ನಿಲ್ಲಲು ಒಬ್ಬ ಸ್ವಯಂಸೇವಕ ಹುಡುಗ ಕೈ ಕೊಡಬೇಕಾಯಿತು.

ಹಾಗಾಗಿ ಮುಂದಿನ ಸಲ ಸೈಕಲ್‌ನಲ್ಲಿ 4 ನಿಮಿಷ ನಿಧಾನ ಹೋಗಿ. ಹೌದು, ನಿಧಾನ. ಒಟ್ಟು 3 ಗಂಟೆ 22 ನಿಮಿಷ. ಅದೂ 67, 67, 68 ನಿಮಿಷದ ಮೂರು ಭಾಗವಾಗಿ. ಮೊದಲ 30 ಕಿಲೋಮೀಟರ್ ಎದೆಬಡಿತ 140 ದಾಟಕೂಡದು. ಕೊನೆಯ ಭಾಗದಲ್ಲಿ 147-148ರ ತನಕ ಬಿಡಬಹುದು. ಮೊದಲ ಅರ್ಧ ಗಂಟೆ ನಿಮ್ಮನ್ನು ಬಹಳ ಜನ ಹಿಂದೆ ಹಾಕುತ್ತಾರೆ. ಹಾಕಲಿ. ಅವರಲ್ಲಿ ಸುಮಾರು ಜನ ಓಟದ ದಾರಿಯಲ್ಲಿ ನಿಮಗೆ ಮತ್ತೆ ಸಿಗುತ್ತಾರೆ.

7 ಗಂಟೆ ಅಂದರೆ 420 ನಿಮಿಷ. ನೀವು ಮಾಡಿದ್ದು 455. ಬೇಕಾದದ್ದು 35 ನಿಮಿಷ. ನನ್ನ ಹಂಚಿಕೆ ಹೀಗಿದೆ: ಈಜು 58ರಿಂದ 53ಕ್ಕೆ, ಎರಡೂ ಬದಲಾವಣೆ ಸೇರಿ 17ರಿಂದ 9ಕ್ಕೆ, ಸೈಕಲ್ 198ರಿಂದ 202ಕ್ಕೆ, ಓಟ 182ರಿಂದ 156ಕ್ಕೆ. ಕೂಡಿ ನೋಡಿ, ಸರಿಯಾಗಿ 420. ಓಟಕ್ಕೆ 156 ನಿಮಿಷ ಅಂದರೆ ಕಿಲೋಮೀಟರ್‌ಗೆ 7 ನಿಮಿಷ 24 ಸೆಕೆಂಡ್. ನೀವು ಬೆಳಿಗ್ಗೆ ಗೆಳೆಯರ ಜೊತೆ ಮಾತಾಡುತ್ತಾ ಓಡುವ ಗತಿಗಿಂತಲೂ ನಿಧಾನ. ಈ ಗುರಿಗೆ ಹೊಸ ಕಾಲು ಬೇಕಿಲ್ಲ. ಇರುವ ಕಾಲನ್ನು ಓಟದ ತನಕ ಉಳಿಸಿಕೊಂಡು ಹೋಗಬೇಕು, ಅಷ್ಟೇ.

ಉಳಿಸಿಕೊಳ್ಳುವುದರಲ್ಲಿ ಗತಿಯಷ್ಟೇ ದೊಡ್ಡದು ಊಟ. ನೀವು ಸೈಕಲ್ ಮೇಲೆ ತಿಂದದ್ದು ಎರಡು ಜೆಲ್ (ಸಕ್ಕರೆ ಪಾಕದ ಸಣ್ಣ ಪೊಟ್ಟಣ), ಒಂದು ಬಾಳೆಹಣ್ಣು. ಒಂದು ಜೆಲ್‌ನಲ್ಲಿ ಸುಮಾರು 25 ಗ್ರಾಂ ಕಾರ್ಬೋಹೈಡ್ರೇಟ್, ಬಾಳೆಹಣ್ಣಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಒಟ್ಟು 75 ಗ್ರಾಂ, ಅದೂ ಮೂರು ಗಂಟೆ ಮೀರಿದ ದುಡಿತಕ್ಕೆ. ಸ್ನಾಯು ಮತ್ತು ಯಕೃತ್ತಿನಲ್ಲಿ (ಲಿವರ್) ನಾವು ಕೂಡಿಟ್ಟುಕೊಂಡಿರುವ ಸಕ್ಕರೆ ಹೆಚ್ಚೆಂದರೆ 400-500 ಗ್ರಾಂ. ಜೋರಾಗಿ ತುಳಿದಷ್ಟೂ ಅದು ಬೇಗ ಖರ್ಚು. ಓಟ ಶುರುವಾಗುವಾಗ ನಿಮ್ಮ ಕಣಜ ತಳ ಕಂಡಿತ್ತು.

ಗಂಟೆಗೆ 60 ಗ್ರಾಂ ನಿಮ್ಮ ಗುರಿ. ಇದಕ್ಕೆ ದುಬಾರಿ ಪುಡಿ ಬೇಕಾಗಿಲ್ಲ. 750 ಮಿಲಿಲೀಟರ್ ಬಾಟಲಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಎರಡನ್ನೂ ಕರುಳು ಬೇರೆ ಬೇರೆ ದಾರಿಯಲ್ಲಿ ಹೀರಿಕೊಳ್ಳುತ್ತದೆ, ಹಾಗಾಗಿ ಹೊಟ್ಟೆ ಕಟ್ಟುವುದು ಕಡಿಮೆ. ಸಕ್ಕರೆಯನ್ನು ಕಣ್ಣಂದಾಜಿನಲ್ಲಿ ಹಾಕಬೇಡಿ, ಒಂದು ಸಲ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ, ನಿಮ್ಮ ಮನೆಯ ಚಮಚದಲ್ಲಿ ಎಷ್ಟಾಗುತ್ತದೆ ನೋಡಿಟ್ಟುಕೊಳ್ಳಿ. ಗಂಟೆಗೆ ಒಂದು ಬಾಟಲಿ. ಸೈಕಲ್‌ಗೆ ಎರಡು ಬಾಟಲಿ ಕಟ್ಟಿಕೊಂಡು ಹೊರಡುತ್ತೀರಿ. ಮೂರನೆಯದರ ಸಕ್ಕರೆ-ಉಪ್ಪನ್ನು ಒಂದು ಸಣ್ಣ ಜಿಪ್ ಕವರ್‌ನಲ್ಲಿ ಬೆನ್ನಿನ ಜೇಬಿನಲ್ಲಿಡಿ. ನೀರು ಕೊಡುವ ಜಾಗದಲ್ಲಿ ಖಾಲಿ ಬಾಟಲಿಗೆ ಸುರಿದು, ನೀರು ತುಂಬಿ, ಕುಲುಕಿ. ಮೂರು ಬಾಟಲಿಗೆ 180 ಗ್ರಾಂ, ಒಂದು ಬಾಳೆಹಣ್ಣು ಸೇರಿಸಿದರೆ 205. ಮೂರು ಗಂಟೆ 22 ನಿಮಿಷಕ್ಕೆ ಇದು ಸಾಕು. ವಾಚಿನಲ್ಲಿ 15 ನಿಮಿಷಕ್ಕೊಮ್ಮೆ ಅಲಾರಂ ಇಡಿ, ಬಾಯಾರಲಿ ಬಿಡಲಿ ನಾಲ್ಕು ಗುಟುಕು ಕುಡಿಯಿರಿ.

ಆದರೆ ಸ್ಪರ್ಧೆಯ ದಿನ ಮೊದಲ ಸಲ ಇದನ್ನು ಮಾಡಿದರೆ ವಾಂತಿಯಾಗುತ್ತದೆ. ಹೊಟ್ಟೆಗೂ ತರಬೇತಿ ಬೇಕು. ಮಾರ್ಚ್‌ನಿಂದಲೇ ಭಾನುವಾರದ ಉದ್ದ ಸವಾರಿಯಲ್ಲಿ ಗಂಟೆಗೆ 30 ಗ್ರಾಂನಿಂದ ಶುರು ಮಾಡಿ, ತಿಂಗಳಿಗೆ ಹತ್ತತ್ತು ಏರಿಸಿ.

ಹಿಂದಿನ ರಾತ್ರಿಯ ಊಟದ ಬಗ್ಗೆಯೂ ಹೇಳಬೇಕು. ಮನೆಯಿಂದ ಒಯ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕಾಳುಪಲ್ಯ ಉಂಡೆ ಅಂದಿದ್ದೀರಿ. ನಮ್ಮ ಜೋಳದ ರೊಟ್ಟಿಯಂಥ ಊಟ ವರ್ಷದ 363 ದಿನಕ್ಕೆ ಇನ್ನೊಂದಿಲ್ಲ. ಅದೇ ತಿಂದುಕೊಂಡೇ ತರಬೇತಿ ಮಾಡಿ. ಸ್ಪರ್ಧೆಯ ಹಿಂದಿನ ಎರಡು ದಿನ ಮಾತ್ರ ನಾರು, ಎಣ್ಣೆ, ಖಾರ ಕಡಿಮೆ ಇರಬೇಕು. ಬಿಳಿ ಅನ್ನ, ತೆಳು ಬೇಳೆ, ಮೊಸರು ಸಾಕು. ಬೆಳಿಗ್ಗೆ ಸ್ಪರ್ಧೆಗೆ ಎರಡೂವರೆ ಮೂರು ಗಂಟೆ ಮುಂಚೆ ನಾಲ್ಕು ಇಡ್ಲಿ, ಸ್ವಲ್ಪ ಸಕ್ಕರೆ ಹಾಕಿದ ಚಹಾ. ಸಾಂಬಾರ್ ಬೇಡ.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ಭಯವಾದದ್ದು ಒಂದೇ ಸಾಲು. ಎರಡನೇ ಬದಲಾವಣೆಯಲ್ಲಿ "ಮುಂಜಾಗ್ರತೆಗೆ" ಒಂದು ನೋವಿನ ಮಾತ್ರೆ ನುಂಗಿದೆ ಅಂತ ಬರೆದಿದ್ದೀರಿ. ದಯವಿಟ್ಟು ಇನ್ನೆಂದೂ ಹಾಗೆ ಮಾಡಬೇಡಿ. ಮೈಯಲ್ಲಿ ನೀರು ಕಡಿಮೆಯಾಗಿ, ಬಿಸಿಯಲ್ಲಿ ಸ್ನಾಯು ದುಡಿಯುತ್ತಿರುವಾಗ ಮೂತ್ರಪಿಂಡಕ್ಕೆ ರಕ್ತ ಮೊದಲೇ ಕಡಿಮೆ ಹರಿಯುತ್ತಿರುತ್ತದೆ. ಐಬುಪ್ರೊಫೇನ್, ಡೈಕ್ಲೋಫೆನಾಕ್ ಜಾತಿಯ ಮಾತ್ರೆ ಅದನ್ನು ಇನ್ನೂ ತಗ್ಗಿಸುತ್ತದೆ. ಮೂತ್ರಪಿಂಡಕ್ಕೇ ಪೆಟ್ಟು ಬೀಳಬಹುದು. ಮಾತ್ರೆ ನುಂಗಿ ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಅಪಾಯದ ಮಟ್ಟಕ್ಕೆ ಇಳಿಯುವ ಸಂಭವವೂ ಹೆಚ್ಚು. ಸ್ಪರ್ಧೆ ಮುಗಿದ ಮೇಲೆ ಮೂತ್ರ ಚಹಾ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಮನೆಗೆ ಹೋಗುವ ಮಾತೇ ಬೇಡ, ನೇರ ಆಸ್ಪತ್ರೆಗೆ ಹೋಗಬೇಕು. 40 ದಾಟಿದೆ, ಹಾಗಾಗಿ ಈ ಸೀಸನ್ ಶುರು ಮಾಡುವ ಮುಂಚೆ ಒಮ್ಮೆ ಹೃದಯದ ತಪಾಸಣೆ, ಬಿಪಿ, ಶುಗರ್, ಕ್ರಿಯಾಟಿನಿನ್ (ಮೂತ್ರಪಿಂಡದ ರಕ್ತಪರೀಕ್ಷೆ) ನೋಡಿಸಿಬಿಡಿ.

ಇನ್ನು ಬಿಸಿ. "ಕಲಬುರಗಿ ಬಿಸಿಲಲ್ಲಿ ಬೆಳೆದವನು ಗೋವಾದ ಬಿಸಿಲಿಗೆ ಯಾಕೆ ಸೋತೆ" ಅಂತ ಕೇಳಿದ್ದೀರಿ. ಇದು ಒಳ್ಳೆಯ ಪ್ರಶ್ನೆ, ನಮ್ಮ ಭಾಗದ ಬಹಳ ಓಟಗಾರರು ಇಲ್ಲೇ ಮೋಸ ಹೋಗುತ್ತಾರೆ. ನಮ್ಮದು ಝಳ, ಅಲ್ಲಿಯದು ಸೆಕೆ. ಎರಡೂ ಒಂದೇ ಅಲ್ಲ. ಮೈ ತಂಪಾಗುವುದು ಬೆವರು ಬಂದದ್ದರಿಂದ ಅಲ್ಲ, ಬೆವರು ಆರಿದ್ದರಿಂದ. ಒಂದು ಲೀಟರ್ ಬೆವರು ಪೂರ್ತಿ ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಶಾಖ ಹೊತ್ತೊಯ್ಯುತ್ತದೆ. ಮೇ ತಿಂಗಳಲ್ಲಿ ಇಲ್ಲಿ 42-43 ಡಿಗ್ರಿ ಇದ್ದಾಗಲೂ ಗಾಳಿ ಒಣಗಿರುತ್ತದೆ. ಅಂಗಿ ಒದ್ದೆಯಾಗುವ ಮುಂಚೆಯೇ ಬೆವರು ಆರಿ, ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿಯುತ್ತದೆ. ಕರಾವಳಿಯಲ್ಲಿ ಗಾಳಿಯೇ ನೀರು ಹೊತ್ತು ನಿಂತಿರುತ್ತದೆ. ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. 32 ಡಿಗ್ರಿ ಇದ್ದರೂ ಒಳಗಿನ ಶಾಖ ಒಳಗೇ ಉಳಿಯುತ್ತದೆ. ನಿಮ್ಮ ಬೂಟು ಪಚಪಚ ಅಂತಿತ್ತು ಅಂದಿರಲ್ಲ, ಅದು ತಂಪು ಮಾಡದೆ ಸುಮ್ನೆ ಇಳಿದುಹೋದ ಬೆವರು.

ಮೈಗೆ ಇದನ್ನು ಕಲಿಸಬಹುದು. 10ರಿಂದ 14 ದಿನ, ದಿನಾ ಒಂದು ಗಂಟೆ ಬಿಸಿಯಲ್ಲಿ ನಿಧಾನವಾಗಿ ದುಡಿದರೆ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ಅಭ್ಯಾಸ ಬಿಟ್ಟ ಎರಡು ಮೂರು ವಾರದಲ್ಲಿ ಆ ಲಾಭ ಕರಗಿಹೋಗುತ್ತದೆ. ಅಂದರೆ ಮೇ ತಿಂಗಳಲ್ಲಿ ನೀವು ಬೆಂದದ್ದು ಅಕ್ಟೋಬರ್-ನವೆಂಬರ್‌ನ ಗೋವಾಕ್ಕೆ ಏನೂ ಉಪಯೋಗವಾಗಲಿಲ್ಲ. ನಿಮಗೆ ದಸರಾ ರಜೆ ಇದೆ, ಅದೇ ಸರಿಯಾದ ಸಮಯ. ಉತ್ತರೆ, ಹಸ್ತ ಮಳೆಗಳ ನಡುವೆ ಬೀಳುವ ಬಿಸಿಲು ನಮ್ಮ ಊರಿನಲ್ಲಿ ಕರಾವಳಿಗೆ ಹತ್ತಿರ. ನೆಲ ಒದ್ದೆ, ಗಾಳಿ ಭಾರ. ಆ ದಿನಗಳಲ್ಲಿ ಬೆಳಿಗ್ಗೆ ಹತ್ತು ಗಂಟೆ ಮೇಲೆ ಒಂದು ಗಂಟೆ ನಿಧಾನವಾಗಿ ಓಡಿ. ಮಳೆ ಇದ್ದರೆ ಮನೆಯೊಳಗೆ ಟ್ರೇನರ್ (ನಿಂತಲ್ಲೇ ತುಳಿಯುವ ಸ್ಟ್ಯಾಂಡ್) ಮೇಲೆ ಸೈಕಲ್ ಇಟ್ಟು, ಫ್ಯಾನ್ ಆರಿಸಿ ತುಳಿಯಿರಿ. ಒಬ್ಬರೇ ಇದ್ದಾಗ ಮಾಡಬೇಡಿ. ತಲೆ ಸುತ್ತಿದರೆ, ಚಳಿ ಬಂದಂತಾದರೆ, ಮಾತು ತೊದಲಿದರೆ ಅಲ್ಲಿಗೇ ನಿಲ್ಲಿಸಿ, ಮೈಮೇಲೆ ನೀರು ಸುರಿದುಕೊಳ್ಳಿ.

ಇದೇ ಹೊತ್ತಿನಲ್ಲಿ ನಿಮ್ಮ ಬೆವರನ್ನೂ ಅಳೆದುಬಿಡಿ. ಓಡುವ ಮುಂಚೆ ಬರೀ ಒಳಚಡ್ಡಿಯಲ್ಲಿ ತೂಕ ನೋಡಿ. ಒಂದು ಗಂಟೆ ಓಡಿ, ಮೈ ಒರೆಸಿ, ಮತ್ತೆ ನೋಡಿ. ಕಡಿಮೆಯಾದ ಪ್ರತಿ ಕಿಲೋಗೆ ಒಂದು ಲೀಟರ್. ನಡುವೆ ಕುಡಿದಿದ್ದರೆ ಅದನ್ನೂ ಕೂಡಿಸಿ. ಸ್ಪರ್ಧೆಯಲ್ಲಿ ಅಷ್ಟನ್ನೂ ಕುಡಿಯಬೇಕಿಲ್ಲ, ಮುಕ್ಕಾಲು ಪಾಲು ಕುಡಿದರೆ ಸಾಕು. ಹೋದದ್ದಕ್ಕಿಂತ ಜಾಸ್ತಿ ಮಾತ್ರ ಎಂದೂ ಕುಡಿಯಬೇಡಿ.

ಓಟದಲ್ಲಿ ನೀರು ಕೊಡುವ ಪ್ರತಿ ಜಾಗದಲ್ಲೂ ಅರ್ಧ ನಿಮಿಷ ನಡೆಯಿರಿ. ಒಂದು ಲೋಟ ಬಾಯಿಗೆ, ಒಂದು ತಲೆಗೆ. ಮಂಜುಗಡ್ಡೆ ಸಿಕ್ಕರೆ ಟೋಪಿಯೊಳಗೆ. ಹತ್ತು ಜಾಗ ಅಂದರೂ ಐದೇ ನಿಮಿಷ ಹೋಗುತ್ತದೆ. ತೊಡೆ ಹಿಡಿದ ಮೇಲೆ ನಡೆಯುವುದಕ್ಕೂ, ಹಿಡಿಯದಿರಲಿ ಅಂತ ನಡೆಯುವುದಕ್ಕೂ ಬಹಳ ವ್ಯತ್ಯಾಸ ಇದೆ.

ಈಜಿಗೆ ಬರೋಣ. ನಿಮಗೆ ಬೇಕಾದ 5 ನಿಮಿಷಕ್ಕೆ ಜೋರಾಗಿ ಈಜಬೇಕಿಲ್ಲ. 1.9 ಕಿಲೋಮೀಟರ್‌ನ ದಾರಿಯಲ್ಲಿ ನಿಮ್ಮ ವಾಚ್ 2.25 ಕಿಲೋಮೀಟರ್ ತೋರಿಸಿದೆ. 350 ಮೀಟರ್ ಸುಮ್ನೆ ಅಡ್ಡಾಡಿದ್ದೀರಿ. ಅದನ್ನು 150 ಮೀಟರ್‌ಗೆ ಇಳಿಸಿದರೆ ಇದೇ ವೇಗದಲ್ಲೇ 53 ನಿಮಿಷ.

ಈಜುಕೊಳಕ್ಕೆ ಹೋದಾಗ ಒಂದು ಪರೀಕ್ಷೆ ಮಾಡಿ. ಜನ ಇಲ್ಲದ ಹೊತ್ತು ನೋಡಿ, ಕೊಳದ ನಡುವೆ ನಿಂತು, ಜೀವರಕ್ಷಕನಿಗೆ ಹೇಳಿ, ಕಣ್ಣು ಮುಚ್ಚಿಕೊಂಡು 12 ಸ್ಟ್ರೋಕ್ (ಕೈ ಬೀಸು) ಹೊಡೆಯಿರಿ. ಕಣ್ಣು ತೆರೆದಾಗ ಯಾವ ಗೋಡೆಯ ಹತ್ತಿರ ಇದ್ದೀರಿ? ಬಲಗಡೆ ಮಾತ್ರ ಉಸಿರು ತೆಗೆದುಕೊಳ್ಳುವವರು ಸಾಮಾನ್ಯವಾಗಿ ಒಂದೇ ಕಡೆ ವಾಲುತ್ತಾ ಹೋಗುತ್ತಾರೆ. ಕೊಳದ ತಳದ ಕಪ್ಪು ಗೆರೆ ಇದನ್ನು ದಿನಾ ಮುಚ್ಚಿಡುತ್ತದೆ, ಸಮುದ್ರದಲ್ಲಿ ಆ ಗೆರೆ ಇಲ್ಲ. ಎರಡೂ ಕಡೆ ಉಸಿರು ರೂಢಿಸಿಕೊಳ್ಳಿ. ಆರೆಂಟು ಸ್ಟ್ರೋಕ್‌ಗೆ ಒಮ್ಮೆ ತಲೆ ಎತ್ತದೆ, ಮೊಸಳೆಯ ಹಾಗೆ ಕಣ್ಣಷ್ಟೇ ನೀರಿನ ಮೇಲೆ ತಂದು, ಮುಂದಿನ ಗೋಡೆಯ ಗಡಿಯಾರವನ್ನೋ ಕಂಬವನ್ನೋ ನೋಡಿ, ಆಮೇಲೆ ಪಕ್ಕಕ್ಕೆ ಉಸಿರು ತೆಗೆದುಕೊಳ್ಳಿ. ಬಾವಿಯಲ್ಲಿ ಕಲಿತವರಿಗೆ ಆಳದ ಭಯ ಇರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ತಲೆ ಎತ್ತಿಯೇ ಈಜುವ ರೂಢಿ ಇರುತ್ತದೆ. ತಲೆ ಎದ್ದರೆ ಕಾಲು ಮುಳುಗುತ್ತದೆ, ಕಾಲು ಮುಳುಗಿದರೆ ನೀರನ್ನು ನೂಕುತ್ತಾ ಹೋಗಬೇಕು.

ತೆರೆದ ನೀರಿನ ಅಭ್ಯಾಸಕ್ಕೆ ಭೀಮಾಕ್ಕೆ ಹೋಗಲಾ ಅಂದಿದ್ದೀರಿ. ಬೇಡ ಸರ್. ಮರಳು ತೆಗೆದ ಗುಂಡಿಗಳು ಎಲ್ಲಿವೆ ಅಂತ ಊರಿನವರಿಗೂ ಗೊತ್ತಿರುವುದಿಲ್ಲ. ಕೃಷ್ಣೆಯ ಕಡೆಯಂತೂ ಮೊಸಳೆ ಇವೆ. ದೋಣಿ, ಜೀವರಕ್ಷಕರು ಇರುವ ಕಡೆ ವರ್ಷಕ್ಕೆ ಮೂರು ನಾಲ್ಕು ಸಲ ಹೋಗಿ ಈಜಿ. ಆಗಸ್ಟ್‌ನ ಒಲಿಂಪಿಕ್ ಸ್ಪರ್ಧೆಯನ್ನೂ ಇದೇ ಲೆಕ್ಕದಲ್ಲಿ ಹಿಡಿಯಿರಿ. ಗೋವಾಕ್ಕೆ ನಾಲ್ಕು ದಿನ ಮುಂಚೆ ಹೋಗಿ, ಎರಡು ಬೆಳಿಗ್ಗೆ ಗುಂಪಿನ ಜೊತೆ ಅಲೆಗಳನ್ನು ದಾಟಿ ಹೋಗಿ ಬರುವುದನ್ನು ಮಾಡಿ.

ಬದಲಾವಣೆಯ 17 ನಿಮಿಷದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟೆಂಟಿನಲ್ಲಿ ಕೂತು ಪೂರ್ತಿ ಬಟ್ಟೆ ಬದಲಿಸಿದ್ದು, ಸಾಕ್ಸ್ ಒಳಗಿನ ಮರಳು ಕೊಡವಿದ್ದು ಅಲ್ಲೇ ಸಮಯ ತಿಂದಿದೆ. ಒಂದೇ ಟ್ರೈಸೂಟ್‌ನಲ್ಲಿ (ಈಜು, ಸೈಕಲ್, ಓಟ ಮೂರಕ್ಕೂ ಆಗುವ ಬಿಗಿ ಉಡುಪು) ಮೂರನ್ನೂ ಮಾಡಿ. ಮನೆಯ ಅಂಗಳದಲ್ಲಿ ಟವೆಲ್ ಹಾಸಿ, ಒಂದು ಬಕೆಟ್ ನೀರು ಮೈಮೇಲೆ ಸುರಿದುಕೊಂಡು, ಒದ್ದೆ ಮೈಯಲ್ಲೇ ಅಭ್ಯಾಸ ಮಾಡಿ. ಮೊದಲು ಹೆಲ್ಮೆಟ್, ಅದರ ಪಟ್ಟಿ ಬಿಗಿದ ಮೇಲೆಯೇ ಸೈಕಲ್ ಮುಟ್ಟಬೇಕು. ಇದು ನಿಯಮ. ಆಮೇಲೆ ಕನ್ನಡಕ, ಬೂಟು. ಮಕ್ಕಳಿಗೆ ಸ್ಟಾಪ್‌ವಾಚ್ ಕೊಡಿ, ಖುಷಿಯಿಂದ ಹಿಡಿಯುತ್ತಾರೆ.

ಬೇಸಿಗೆ ರಜೆಯಲ್ಲಿ ತರಬೇತಿ ದುಪ್ಪಟ್ಟು ಮಾಡುವ ಯೋಚನೆ ಬಿಡಿ. ರಜೆ ಸಿಕ್ಕಿತು ಅಂತ ಮೈ ಕೇಳುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿ ಬೆಳಗಿನ ಐದು ಗಂಟೆಗೇ ನೆಲ ಬಿಸಿ ಉಸಿರು ಬಿಡುತ್ತಿರುತ್ತದೆ, ರಾತ್ರಿ ನಿದ್ದೆ ಸರಿ ಇರುವುದಿಲ್ಲ, ನಿದ್ದೆ ಇಲ್ಲದ ಮೈಗೆ ತರಬೇತಿ ಅಂಟುವುದಿಲ್ಲ. ಆ ಎರಡು ತಿಂಗಳು ನೀರಿಗೆ ಕೊಡಿ. ವಾರಕ್ಕೆ ನಾಲ್ಕು ದಿನ ಈಜು. ಓಟ ಬೆಳಿಗ್ಗೆ ಆರೂಕಾಲಿನೊಳಗೆ ಮುಗಿಯಲಿ, ಹೆಚ್ಚೆಂದರೆ 50 ನಿಮಿಷ. ಶರಣಬಸವೇಶ್ವರ ಕೆರೆಯ ಸುತ್ತಲಿನ ದಾರಿ ಆ ಹೊತ್ತಿಗೆ ಚೆನ್ನಾಗಿರುತ್ತದೆ. ಮಧ್ಯಾಹ್ನ ಮಲಗಿ. ಸಂಜೆ ವಾರಕ್ಕೆರಡು ಸಲ ಮನೆಯಲ್ಲೇ ಸ್ಕ್ವಾಟ್, ಲಂಜ್, ಹಿಮ್ಮಡಿ ಎತ್ತುವ ವ್ಯಾಯಾಮ. ಹಿಡಿದುಕೊಂಡ ತೊಡೆಗೆ ಮುಂದೆ ಇದೇ ರಕ್ಷೆ. ಉಪ್ಪು ಕಡಿಮೆಯಾಗಿದ್ದಷ್ಟೇ ಅಲ್ಲ, ಅಭ್ಯಾಸ ಇಲ್ಲದ ಜೋರಿಗೆ ದಣಿದ ಸ್ನಾಯು ಸಹ ಹಾಗೆ ಕಟ್ಟಿಕೊಳ್ಳುತ್ತದೆ.

ನಿಜವಾದ ಸೈಕಲ್ ಕೆಲಸ ಜೂನ್‌ನಿಂದ. ಮಳೆಗಾಲದ ಪಡುವಣ ಗಾಳಿ ನಮ್ಮ ಬಯಲಿನಲ್ಲಿ ತಡೆಯೇ ಇಲ್ಲದೆ ಬೀಸುತ್ತದೆ. ಬೇರೆ ಊರಿನವರು ಗುಡ್ಡ ಹುಡುಕಿಕೊಂಡು ಹೋಗುತ್ತಾರೆ, ನಮಗೆ ಗಾಳಿಯೇ ಗುಡ್ಡ. ಅಫಜಲಪುರ ರಸ್ತೆಯಲ್ಲಿ ಗಾಳಿಗೆ ಎದುರಾಗಿ ನಲವತ್ತು ಕಿಲೋಮೀಟರ್ ಹೋಗಿ, ವಾಪಸ್ ಗಾಳಿ ಬೆನ್ನಿಗಿಟ್ಟುಕೊಂಡು ಬನ್ನಿ. ಹೋಗಿ ಬಂದರೆ ಸುಮಾರು 80 ಕಿಲೋಮೀಟರ್. ಎದುರು ಗಾಳಿಯಲ್ಲಿ ವೇಗ 20ಕ್ಕೆ ಬಿದ್ದರೂ ಎದೆಬಡಿತ 140ರಲ್ಲೇ ಇರಲಿ. ವೇಗವನ್ನು ಬಿಟ್ಟುಕೊಟ್ಟು ಶ್ರಮವನ್ನು ಒಂದೇ ಸಮ ಇಡುವುದನ್ನು ಆ ರಸ್ತೆ ಕಲಿಸುತ್ತದೆ, ಗೋವಾದಲ್ಲಿ ನಿಮಗೆ ಬೇಕಾಗಿದ್ದದ್ದು ಅದೇ. ಮಳೆ ಬಿದ್ದ ಮರುದಿನ ಟ್ರ್ಯಾಕ್ಟರ್‌ಗಳು ಹೊಲದಿಂದ ಹೊತ್ತು ತಂದ ಎರೆಮಣ್ಣು ಡಾಂಬರಿನ ಮೇಲೆ ಸಾಬೂನಿನಂತೆ ಇರುತ್ತದೆ, ತಿರುವಿನಲ್ಲಿ ಜೋಪಾನ. ಬಳ್ಳಾರಿ ಜಾಲಿ ಮುಳ್ಳಿಗೆ ಎರಡು ಟ್ಯೂಬ್ ಜೊತೆಗಿರಲಿ. ಸೇಡಂ ರಸ್ತೆ ಸಿಮೆಂಟ್ ಲಾರಿಗಳದ್ದು, ಬೇಡ. ಆಳಂದ ರಸ್ತೆಯಲ್ಲಿ ಕಬ್ಬಿನ ಹಂಗಾಮು ಮುಗಿಯುವ ತನಕ ಕತ್ತಲಲ್ಲಿ ಹೋಗಬೇಡಿ. ಎರಡೆರಡು ಟ್ರಾಲಿ ಎಳೆಯುವ ಟ್ರ್ಯಾಕ್ಟರ್‌ಗಳಿಗೆ ಎಷ್ಟೋ ಸಲ ಹಿಂದೆ ಒಂದು ಕೆಂಪು ದೀಪವೂ ಇರುವುದಿಲ್ಲ. ಹತ್ತಿರ ಹೋಗುವ ತನಕ ಕಾಣುವುದಿಲ್ಲ.

ಜುಲೈನಿಂದ ಎರಡು ವಾರಕ್ಕೊಮ್ಮೆ, ಉದ್ದ ಸವಾರಿ ಮುಗಿಸಿ ಬಂದವರೇ ಸೈಕಲ್ ಗೋಡೆಗೆ ಒರಗಿಸಿ, ಬೂಟು ಬದಲಿಸಿ 5 ಕಿಲೋಮೀಟರ್ ಓಡಿ. ಮೊದಲ ಕಿಲೋಮೀಟರ್ ಕಾಲು ಕಟ್ಟಿಗೆಯಂತಿರುತ್ತದೆ. ಅದನ್ನು 7 ನಿಮಿಷ 40 ಸೆಕೆಂಡ್‌ಗಿಂತ ಬೇಗ ಓಡಬೇಡಿ. ಗೋವಾದಲ್ಲಿ ನಿಮ್ಮ ಮೊದಲ 5 ಕಿಲೋಮೀಟರ್ 31 ನಿಮಿಷ ಆಗಿತ್ತು. ಆ ಆತುರಕ್ಕೂ ಮುಂದೆ ಬೆಲೆ ಕೊಟ್ಟಿರಿ.

ಪೂರ್ತಿ ಐರನ್‌ಮ್ಯಾನ್ ಈ ವರ್ಷ ಬೇಡ. 3.8 ಕಿಲೋಮೀಟರ್ ಈಜು, 180 ಸೈಕಲ್, 42.2 ಓಟ. ಅದಕ್ಕೆ ಕೊನೆಯ ನಾಲ್ಕೈದು ತಿಂಗಳು ವಾರಕ್ಕೆ 12ರಿಂದ 15 ಗಂಟೆ ಬೇಕು, ನಿಮಗೆ ಇರುವುದು ಎಂಟು. ಅದಕ್ಕಿಂತ ಮುಖ್ಯ ಕಾರಣ, ಅರ್ಧ ದೂರದಲ್ಲಿ ಬಿಡಿಸಿಕೊಳ್ಳದ ಊಟದ ತೊಡಕು ಪೂರ್ತಿ ದೂರದಲ್ಲಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿ ಎದುರು ನಿಲ್ಲುತ್ತದೆ. ಅಳತೆಗೋಲು ಒಂದು ಕೊಡುತ್ತೇನೆ. 70.3ರ ಓಟ ನಿಮ್ಮ ಬರೀ ಹಾಫ್ ಮ್ಯಾರಥಾನ್‌ಗಿಂತ 30 ನಿಮಿಷದೊಳಗಿನ ವ್ಯತ್ಯಾಸದಲ್ಲಿ ಮುಗಿಯಲಿ. ಆಗ ಅದರ ಮರುವರ್ಷಕ್ಕೆ ಹೆಸರು ಕೊಡಿ, ನಾನೇ ತರಬೇತಿ ಪಟ್ಟಿ ಹಾಕಿಕೊಡುತ್ತೇನೆ.

ಸಾಲ ಮಾಡಿ ಕಾರ್ಬನ್ ಸೈಕಲ್ ಕೊಳ್ಳಬೇಡಿ. ಗಾಳಿಯ ತಡೆಯಲ್ಲಿ ದೊಡ್ಡ ಪಾಲು ಸೈಕಲ್‌ನದಲ್ಲ, ಸವಾರನ ಮೈಯದು. ಇರುವ ಸೈಕಲ್‌ಗೆ ಒಂದು ಏರೋಬಾರ್ (ಮೈ ಬಾಗಿಸಿ ಮೊಣಕೈ ಊರುವ ಹಿಡಿ) ಹಾಕಿಸಿ, ಒಳ್ಳೆಯ ಟೈರ್ ಕೊಳ್ಳಿ, ಸೀಟು-ಹ್ಯಾಂಡಲ್ ಅಳತೆಯನ್ನು ತಿಳಿದವರ ಹತ್ತಿರ ಸರಿಪಡಿಸಿಕೊಳ್ಳಿ. ಹೈದರಾಬಾದ್‌ಗೆ ಹೋಗಿ ಬರುವ ಖರ್ಚು ಸೇರಿದರೂ ಸಾಲದ ಒಂದೆರಡು ಕಂತಿನಲ್ಲಿ ಮುಗಿಯುತ್ತದೆ.

ಮನೆಯವರ ಮಾತು ಕೊನೆಗೆ ಉಳಿಸಿಕೊಂಡೆ, ಯಾಕೆಂದರೆ ಇದಕ್ಕೆ ತರಬೇತಿ ಪಟ್ಟಿಯಲ್ಲೇ ಜಾಗ ಮಾಡಬೇಕು. ವಾರಕ್ಕೆ ಎಂಟು ಗಂಟೆ ಸಾಕು, ಅದಕ್ಕಿಂತ ಹೆಚ್ಚು ಕೇಳಬೇಡಿ. ಭಾನುವಾರ ಬೆಳಿಗ್ಗೆ ಐದಕ್ಕೆ ಹೊರಟರೆ ಒಂಬತ್ತಕ್ಕೆ ಮನೆಯಲ್ಲಿರಿ, ಮತ್ತು ಬಂದ ಮೇಲೆ ಮಲಗಬೇಡಿ, ಆ ದಿನದ ಉಳಿದ ಹೊತ್ತು ಅವರದು. ವರ್ಷಕ್ಕೆ ನಾಲ್ಕು ಸ್ಪರ್ಧೆ ಬೇಡ. ಆಗಸ್ಟ್‌ನ ಒಲಿಂಪಿಕ್ ಒಂದು, ಗೋವಾ ಒಂದು. ಗೋವಾಕ್ಕೆ ಎಲ್ಲರನ್ನೂ ಕರೆದುಕೊಂಡು ಹೋಗಿ. ಅದು ಮುಗಿದ ಮೇಲೆ ನಾಲ್ಕು ವಾರ ವಾಚ್ ಕಟ್ಟಬೇಡಿ, ಮನಸ್ಸು ಬಂದಾಗ ಮಾತ್ರ ಓಡಿ. ಪಟ್ಟಿಯಲ್ಲಿ ಎಳ್ಳಮಾವಾಸ್ಯೆಯ ದಿನವನ್ನು ಈಗಲೇ ಖಾಲಿ ಬಿಟ್ಟಿದ್ದೇನೆ. ಅವತ್ತು ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಭಜ್ಜಿ ಉಂಡು, ಸಂಜೆ ಬನ್ನಿ.